ಹಿತ್ತಲ ತೋಟದಲ್ಲಿ ದೊರೆತ ಗ್ರಹ

ಮೋಡವಿಲ್ಲದ ರಾತ್ರಿಯಲ್ಲಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದರೆ ಆಕಾಶದ ತುಂಬ ನಕ್ಷತ್ರಗಳು ಕಾಣುತ್ತವೆ. ಅವುಗಳಲ್ಲಿ ಬಹುಪಾಲು ತಮ್ಮ ತಮ್ಮ ನಡುವಣ ಅಂತರವನ್ನು ಬದಲಿಸದೆ, ಒಂದೇ ಬಟ್ಟೆಯ ಮೇಲೆ ಹೆಣೆದ ಹೂಗಳಂತೆ, ಮೂಡಣದಿಂದ ಪಡುವಣಕ್ಕೆ ಒಟ್ಟಾಗಿ ಸಾಗುತ್ತವೆ. ಆದರೆ ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದು ಬೆಳಕುಗಳು ಈ ಕಟ್ಟಿಗೆ ಒಳಪಡದೆ ರಾಶಿಯಿಂದ ರಾಶಿಗೆ ಸಂಚರಿಸುವುದನ್ನು ಪ್ರಾಚೀನರು ಸಾವಿರಾರು ವರ್ಷಗಳ ಹಿಂದೆಯೇ ಗುರುತಿಸಿದ್ದರು. ಅಂದಿನಿಂದ ಎಷ್ಟೋ ರಾಜ್ಯಗಳು ಹುಟ್ಟಿದವು, ಎಷ್ಟೋ ರಾಜ್ಯಗಳು ಅಳಿದವು. ಆದರೆ ಬರಿಗಣ್ಣಿಗೆ ಕಾಣುವ ಈ ಗ್ರಹಗಳ ಪಟ್ಟಿಗೆ ಇನ್ನೊಂದು ಹೆಸರು ಸೇರಲಿಲ್ಲ. ಶನಿಯೇ ಸೂರ್ಯನ ಪರಿವಾರದ ಗಡಿ ಎಂದು ಜಗತ್ತೆಲ್ಲ ನಂಬಿತ್ತು.

1781ರಲ್ಲಿ ಆ ಗಡಿಯನ್ನು ಒಬ್ಬ ಮನುಷ್ಯ ದಾಟಿದನು. ಅವನು ಯಾವ ವೇಧಶಾಲೆಯ ಅಧಿಕಾರಿಯೂ ಅಲ್ಲ, ವಿಶ್ವವಿದ್ಯಾನಿಲಯದಲ್ಲಿ ಓದಿದವನೂ ಅಲ್ಲ. ಹಗಲೆಲ್ಲ ಸಂಗೀತಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದವನು. ರಾತ್ರಿ ತನ್ನ ಮನೆಯ ಹಿತ್ತಲಿನಲ್ಲಿ, ತಾನೇ ಮಾಡಿದ ದೂರದರ್ಶಕವನ್ನು ನಿಲ್ಲಿಸಿಕೊಂಡು ನಕ್ಷತ್ರಗಳನ್ನು ನೋಡುತ್ತಿದ್ದವನು. ಅವನೇ ವಿಲಿಯಂ ಹರ್ಷೆಲ್.

ಹರ್ಷೆಲನು 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದನು. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯವನ್ನು ನುಡಿಸುತ್ತಿದ್ದನು. ಮನೆಯಲ್ಲಿ ಮಕ್ಕಳು ಹಲವರು, ವರಮಾನ ಅಲ್ಪ. ಆದರೂ ಐಸಾಕನು ಮಕ್ಕಳಿಗೆ ಸಂಗೀತವನ್ನು ಕಲಿಸಿದನು. ತನಗೆ ತಿಳಿದಷ್ಟು ಆಕಾಶವನ್ನೂ ತೋರಿಸಿಕೊಟ್ಟನು. ಚಳಿಗಾಲದ ಒಂದು ರಾತ್ರಿ ಅವನು ಪುಟ್ಟ ಮಗಳು ಕ್ಯಾರೊಲಿನಳನ್ನು ಬೀದಿಗೆ ಕರೆದೊಯ್ದು ನಕ್ಷತ್ರಪುಂಜಗಳನ್ನೂ ಆಗ ಕಾಣಿಸಿಕೊಂಡಿದ್ದ ಒಂದು ಧೂಮಕೇತುವನ್ನೂ ತೋರಿಸಿದ್ದನು. ಬಡವನಾದ ಆ ತಂದೆ ಮಕ್ಕಳಿಗೆ ಬಿಟ್ಟುಹೋದ ಆಸ್ತಿ ಇಷ್ಟೇ. ಆದರೆ ಅದು ವ್ಯರ್ಥವಾಗಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ವಿಲಿಯಂ ತಂದೆಯಿದ್ದ ವಾದ್ಯವೃಂದವನ್ನೇ ಸೇರಿದನು. ಆ ಕಾಲದಲ್ಲಿ ಹ್ಯಾನೋವರಿಗೂ ಇಂಗ್ಲೆಂಡಿಗೂ ಒಬ್ಬನೇ ದೊರೆ. 1756ರಲ್ಲಿ ಯುರೋಪಿನಲ್ಲಿ ಸಪ್ತವಾರ್ಷಿಕ ಯುದ್ಧ ಆರಂಭವಾಯಿತು. ಮರುವರ್ಷ ಹಾಸ್ಟೆನ್‌ಬೆಕ್ ಎಂಬಲ್ಲಿ ನಡೆದ ಕದನದಲ್ಲಿ ಹ್ಯಾನೋವರಿನ ಪಡೆ ಸೋತಿತು. ಮಗನು ಯುದ್ಧದ ಬಾಯಿಗೆ ಬೀಳುವುದನ್ನು ಸಹಿಸಲಾರದೆ ತಂದೆ ಅವನನ್ನು ಇಂಗ್ಲೆಂಡಿಗೆ ಕಳುಹಿಸಿದನು. ಹತ್ತೊಂಬತ್ತರ ಹರೆಯದ ಹರ್ಷೆಲನು ಕೈಯಲ್ಲಿ ಹಣವಿಲ್ಲದೆ ಆ ದೇಶವನ್ನು ಸೇರಿದನು. ಮೊದಲು ಸಂಗೀತದ ಸ್ವರಲಿಪಿಗಳನ್ನು ನಕಲು ಮಾಡಿ ಕೂಲಿ ಗಳಿಸಿದನು. ಅನಂತರ ಊರಿನಿಂದ ಊರಿಗೆ ಸಂಚರಿಸುತ್ತ ಪಾಠ ಹೇಳಿದನು, ಕಚೇರಿಗಳಲ್ಲಿ ನುಡಿಸಿದನು, ಸಂಗೀತಕೃತಿಗಳನ್ನು ರಚಿಸಿದನು. 1766ರ ಕೊನೆಯಲ್ಲಿ ಅವನಿಗೆ ಬಾತ್ ಎಂಬ ಪಟ್ಟಣದಲ್ಲಿ ನೆಲೆ ದೊರೆಯಿತು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ಪಟ್ಟಣಕ್ಕೆ ಸಿರಿವಂತರು ವಿಹಾರಕ್ಕೆ ಬರುತ್ತಿದ್ದರು. ಅಲ್ಲಿನ ಆಕ್ಟಗನ್ ಪ್ರಾರ್ಥನಾಮಂದಿರದಲ್ಲಿ ಹರ್ಷೆಲನು ಆರ್ಗನ್ ವಾದಕನಾದನು. ಶಿಷ್ಯರು ಹೆಚ್ಚಿದರು, ಹಣವೂ ಹೆಸರೂ ಬಂದವು.

ಬೇರೊಬ್ಬನಾಗಿದ್ದರೆ ಇಷ್ಟಕ್ಕೆ ತೃಪ್ತನಾಗುತ್ತಿದ್ದನು. ಹರ್ಷೆಲನದು ಬೇರೆ ಬಗೆಯ ಮನಸ್ಸು. ನಾದದ ಗಣಿತವನ್ನು ತಿಳಿಯಲೆಂದು ಅವನು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ಗ್ರಂಥವನ್ನು ಓದಿದನು. ಅದೇ ಲೇಖಕನು ಬೆಳಕಿನ ಶಾಸ್ತ್ರವನ್ನು ಕುರಿತು ಬರೆದ ಇನ್ನೊಂದು ಗ್ರಂಥವು ಅವನನ್ನು ಸೆಳೆಯಿತು. ಅದರಲ್ಲಿ ದೂರದರ್ಶಕವನ್ನು ಮಾಡುವ ವಿಧಾನವಿತ್ತು. 1773ರಲ್ಲಿ ಅವನು ಖಗೋಳಶಾಸ್ತ್ರದ ಪುಸ್ತಕವೊಂದನ್ನು ಕೊಂಡನು. ಇತರರು ಕಂಡು ಬರೆದುದನ್ನು ಓದಿ ನಂಬುವುದಕ್ಕಿಂತ ಎಲ್ಲವನ್ನೂ ತನ್ನ ಕಣ್ಣಿನಿಂದಲೇ ನೋಡಬೇಕೆಂಬ ಹಂಬಲ ಅವನಲ್ಲಿ ಬಲವಾಯಿತು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣ ಅವನಲ್ಲಿರಲಿಲ್ಲ. ಆದುದರಿಂದ ತಾನೇ ಮಾಡಲು ನಿಶ್ಚಯಿಸಿದನು.

ಅವನು ಆರಿಸಿಕೊಂಡುದು ದರ್ಪಣದ ದೂರದರ್ಶಕ. ಉದ್ದನೆಯ ಕೊಳವೆಯ ತಳದಲ್ಲಿ ಒಂದು ನಿಮ್ನದರ್ಪಣವಿರುತ್ತದೆ. ಅದು ನಕ್ಷತ್ರದಿಂದ ಬಂದ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಆ ಬೆಳಕನ್ನು ಒಂದು ಚಿಕ್ಕ ಕನ್ನಡಿ ಕೊಳವೆಯ ಪಕ್ಕಕ್ಕೆ ತಿರುಗಿಸುತ್ತದೆ. ಅಲ್ಲಿರುವ ಮಸೂರದ ಮೂಲಕ ನೋಡುವವನು ನೋಡುತ್ತಾನೆ. ದರ್ಪಣವು ದೊಡ್ಡದಾದಷ್ಟೂ ಹೆಚ್ಚು ಬೆಳಕು ಸೇರಿ ಮಂಕಾದ ಕಾಯಗಳೂ ಕಾಣುತ್ತವೆ. ಆಗ ಇಂಥ ದರ್ಪಣಗಳನ್ನು ಗಾಜಿನಿಂದಲ್ಲ, ತಾಮ್ರ ಮತ್ತು ತವರಗಳನ್ನು ಬೆರೆಸಿ ಎರಕ ಹೊಯ್ದ ಲೋಹದಿಂದ ಮಾಡುತ್ತಿದ್ದರು. ಅದನ್ನು ಕೈಯಿಂದಲೇ ಉಜ್ಜಿ, ತೇದು, ಹೊಳಪು ಕೊಡಬೇಕಾಗಿತ್ತು. ಮೇಲ್ಮೈಯ ಬಾಗು ಕೂದಲೆಳೆಯಷ್ಟು ತಪ್ಪಿದರೂ ದರ್ಪಣವು ಕೆಲಸಕ್ಕೆ ಬಾರದು.

ಹರ್ಷೆಲನ ಈ ಸಾಹಸದಲ್ಲಿ ಅವನಿಗೆ ಹೆಗಲು ಕೊಟ್ಟವಳು ತಂಗಿ ಕ್ಯಾರೊಲಿನ್. ಆಕೆ ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಬಾಲ್ಯದಲ್ಲಿ ಸಿಡುಬು ಆಕೆಯ ಮುಖದಲ್ಲಿ ಕಲೆಗಳನ್ನು ಉಳಿಸಿತ್ತು. ಮುಂದೆ ಬಂದ ವಿಷಮಜ್ವರದಿಂದ ಬೆಳವಣಿಗೆ ನಿಂತುಹೋಗಿ ಆಕೆಯ ಎತ್ತರ ನಾಲ್ಕೂಕಾಲು ಅಡಿಯಷ್ಟೇ ಆಗಿತ್ತು. ಹೆಣ್ಣುಮಗಳಿಗೆ ಮನೆಗೆಲಸ ಬಂದರೆ ಸಾಕು, ವಿದ್ಯೆ ಬೇಡ ಎಂಬುದು ತಾಯಿಯ ನಿಲುವು. ಮಗಳು ಮನೆ ಬಿಟ್ಟರೆ ಕೆಲಸ ಮಾಡುವವರು ಯಾರು ಎಂದು ತಾಯಿ ಚಿಂತಿಸಿದಾಗ, ಸೇವಕಿಯನ್ನು ಇರಿಸಿಕೊಳ್ಳಲು ತಾನೇ ಹಣ ಕೊಡುವೆನೆಂದು ಒಪ್ಪಿಸಿ ಹರ್ಷೆಲನು 1772ರಲ್ಲಿ ತಂಗಿಯನ್ನು ಬಾತ್‌ಗೆ ಕರೆತಂದನು. ಆಕೆ ಇಂಗ್ಲಿಷ್ ಕಲಿತಳು, ಲೆಕ್ಕ ಕಲಿತಳು, ಸಂಗೀತ ಕಲಿತಳು. ಕೆಲವೇ ವರ್ಷಗಳಲ್ಲಿ ಸಭೆಗಳಲ್ಲಿ ಮುಖ್ಯ ಗಾಯಕಿಯಾಗಿ ಹಾಡಿದಳು. ಹೀಗೆ ಬದುಕಿನಲ್ಲಿ ಮೊದಲ ಬಾರಿಗೆ ಆಕೆಗೆ ತನ್ನದೆಂಬ ಒಂದು ವೃತ್ತಿ ದೊರೆಯಿತು.

ಅಷ್ಟರಲ್ಲಿ ಆ ಮನೆ ಕಾರ್ಯಾಗಾರವಾಗಿ ಮಾರ್ಪಟ್ಟಿತ್ತು. ಅತಿಥಿಗಳು ಕೂರುವ ಕೋಣೆಯಲ್ಲಿ ಬಡಗಿಯು ಕೊಳವೆಯನ್ನು ಮಾಡುತ್ತಿದ್ದನು. ಮಲಗುವ ಕೋಣೆಯಲ್ಲಿ ಚರಕಿ ತಿರುಗುತ್ತಿತ್ತು. ಹರ್ಷೆಲನು ಹಗಲು ಏಳೆಂಟು ಪಾಠಗಳನ್ನು ಹೇಳಿ ಬಂದು ಉಡುಪನ್ನೂ ಬದಲಿಸದೆ ದರ್ಪಣ ತೇಯಲು ಕೂರುತ್ತಿದ್ದನು. ಹೊಳಪು ಕೊಡುವಾಗ ನಡುವೆ ಕೈ ತೆಗೆದರೆ ಮೇಲ್ಮೈ ಕೆಡುವುದೆಂದು ಅವನು ಒಮ್ಮೆ ಹದಿನಾರು ಗಂಟೆಗಳ ಕಾಲ ಕೈ ಎತ್ತದೆ ದುಡಿದನು. ಆಗ ಕ್ಯಾರೊಲಿನ್ ಪಕ್ಕದಲ್ಲಿ ನಿಂತು, ಮಗುವಿಗೆ ಉಣಿಸುವಂತೆ, ತುತ್ತುಗಳನ್ನು ಅವನ ಬಾಯಿಗಿಟ್ಟಳು. ಬೇಸರ ಕಳೆಯಲು ಕಥೆಗಳನ್ನು ಓದಿ ಹೇಳಿದಳು. 1774ರ ಮಾರ್ಚ್ 1ರಂದು ಹರ್ಷೆಲನು ತಾನೇ ಮಾಡಿದ ದೂರದರ್ಶಕದಿಂದ ಶನಿಯ ಬಳೆಯನ್ನೂ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನೂ ಕಂಡು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿದನು.

1779ರ ಡಿಸೆಂಬರಿನ ಒಂದು ರಾತ್ರಿ ಅವನು ಮನೆಯ ಮುಂದಿನ ಬೀದಿಯಲ್ಲೇ ದೂರದರ್ಶಕವನ್ನಿಟ್ಟು ಚಂದ್ರನ ಮೇಲಿನ ಬೆಟ್ಟಗಳ ಎತ್ತರವನ್ನು ಅಳೆಯುತ್ತಿದ್ದನು. ಆ ದಾರಿಯಲ್ಲಿ ಬಂದ ವಿಲಿಯಂ ವಾಟ್ಸನ್ ಎಂಬ ವೈದ್ಯನು ತಾನೂ ನೋಡಬಹುದೇ ಎಂದು ಕೇಳಿದನು. ನೋಡಿ ಬೆರಗಾದನು. ಮರುದಿನ ಬೆಳಿಗ್ಗೆಯೇ ಕೃತಜ್ಞತೆಯನ್ನು ತಿಳಿಸಲು ಮತ್ತೆ ಬಂದನು. ವಾಟ್ಸನ್ ರಾಯಲ್ ಸೊಸೈಟಿಯ ಸದಸ್ಯನಾಗಿದ್ದನು. ಅವನ ಸ್ನೇಹದಿಂದ ಈ ಸಂಗೀತಗಾರನ ಬರೆಹಗಳು ವಿದ್ವಾಂಸರ ಮುಂದೆ ಬರುವಂತಾಯಿತು.

ಹರ್ಷೆಲನು ಒಂದು ದೊಡ್ಡ ವ್ರತವನ್ನು ಕೈಗೊಂಡಿದ್ದನು. ತನ್ನ ದೂರದರ್ಶಕಕ್ಕೆ ಎಟಕುವ ನಕ್ಷತ್ರಗಳನ್ನೆಲ್ಲ ಒಂದನ್ನೂ ಬಿಡದೆ ಸಾಲಾಗಿ ಪರಿಶೀಲಿಸಬೇಕು. ಒಂದಕ್ಕೊಂದು ಅಂಟಿದಂತಿರುವ ಜೋಡಿ ನಕ್ಷತ್ರಗಳನ್ನು ಗುರುತಿಸಬೇಕು. ಒಂದು ಸಲ ಮುಗಿದರೆ ಇನ್ನೂ ಉತ್ತಮವಾದ ದರ್ಪಣದಿಂದ ಮತ್ತೊಮ್ಮೆ. 1781ರ ಮಾರ್ಚ್ 13, ಮಂಗಳವಾರ. ಅವನು ಆಗತಾನೇ ನ್ಯೂ ಕಿಂಗ್ ಸ್ಟ್ರೀಟಿನ 19ನೆಯ ಸಂಖ್ಯೆಯ ಮನೆಗೆ ಬಂದಿದ್ದನು. ಅದರ ಹಿಂದೆ ಒಂದು ಚಿಕ್ಕ ತೋಟವಿತ್ತು. ರಾತ್ರಿ ಹತ್ತರಿಂದ ಹನ್ನೊಂದು ಗಂಟೆಯ ನಡುವೆ, ಏಳು ಅಡಿ ಉದ್ದದ ದೂರದರ್ಶಕದಿಂದ ವೃಷಭ ಮತ್ತು ಮಿಥುನ ರಾಶಿಗಳ ನಡುವಣ ನಕ್ಷತ್ರಗಳನ್ನು ನೋಡುತ್ತಿದ್ದಾಗ ಒಂದು ನಕ್ಷತ್ರ ಉಳಿದವುಗಳಿಗಿಂತ ದಪ್ಪವಾಗಿ ಕಂಡಿತು.

ಅವನು ಅವಸರಪಡಲಿಲ್ಲ. ಆಗ ಬಳಸುತ್ತಿದ್ದ ಮಸೂರವು ಕಾಯಗಳನ್ನು 227 ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಅದನ್ನು ತೆಗೆದು 460 ಪಟ್ಟಿನದನ್ನೂ ಅನಂತರ 932 ಪಟ್ಟಿನದನ್ನೂ ಇಟ್ಟು ನೋಡಿದನು. ನಕ್ಷತ್ರಗಳು ಅತಿ ದೂರದಲ್ಲಿರುವುದರಿಂದ ಎಷ್ಟು ಹಿಗ್ಗಿಸಿದರೂ ಚುಕ್ಕೆಗಳಾಗಿಯೇ ಉಳಿಯುತ್ತವೆ. ಈ ಕಾಯವಾದರೋ ಮಸೂರದ ಶಕ್ತಿ ಹೆಚ್ಚಿದಂತೆ ತಾನೂ ಹಿಗ್ಗಿತು. ಹಾಗಾದರೆ ಇದು ನಕ್ಷತ್ರವಲ್ಲ, ಸಮೀಪದ ಯಾವುದೋ ಕಾಯ. ನಾಲ್ಕು ದಿನಗಳ ಅನಂತರ ನೋಡಿದಾಗ ಅದು ತನ್ನ ಸ್ಥಾನವನ್ನು ಬದಲಿಸಿತ್ತು. ಹರ್ಷೆಲನು ಅದನ್ನು ಧೂಮಕೇತುವೆಂದು ತಿಳಿದು ವಿದ್ವಾಂಸರಿಗೆ ವರದಿ ಮಾಡಿದನು. ಹೊಸ ಗ್ರಹವೊಂದು ಇರಬಹುದೆಂಬ ಯೋಚನೆ ಅಂದಿನ ಮಟ್ಟಿಗೆ ಅಷ್ಟು ದೂರದ್ದಾಗಿತ್ತು.

ಯುರೋಪಿನ ಗಣಿತಜ್ಞರು ಅದರ ಪಥವನ್ನು ಲೆಕ್ಕಹಾಕಿದರು. ಧೂಮಕೇತುವಿಗಿರುವ ಬಾಲ ಅದಕ್ಕಿರಲಿಲ್ಲ. ನೀಳವಾದ ಪಥವೂ ಇರಲಿಲ್ಲ. ಶನಿಗಿರುವ ದೂರದ ಸುಮಾರು ಎರಡರಷ್ಟು ದೂರದಲ್ಲಿ, ಹೆಚ್ಚುಕಡಮೆ ವೃತ್ತಾಕಾರವಾಗಿ, ಅದು ಸೂರ್ಯನನ್ನು ಸುತ್ತುತ್ತಿತ್ತು. ಅದು ಗ್ರಹವೇ ಎಂಬುದು ಖಚಿತವಾಯಿತು. ಸೌರಮಂಡಲದ ವಿಸ್ತಾರ ಒಮ್ಮೆಗೇ ಇಮ್ಮಡಿಯಾಯಿತು. ಹರ್ಷೆಲನು ಅದಕ್ಕೆ ದೊರೆ ಮೂರನೆಯ ಜಾರ್ಜನ ಹೆಸರನ್ನಿಟ್ಟನು. ಆದರೆ ಜಗತ್ತು ಒಪ್ಪಿಕೊಂಡುದು ಜರ್ಮನಿಯ ಖಗೋಳಜ್ಞ ಬೋಡೆಯು ಸೂಚಿಸಿದ ಯುರೇನಸ್ ಎಂಬ ಹೆಸರನ್ನು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಯುರೇನಸನ್ನು ಹರ್ಷೆಲನಿಗಿಂತ ಮೊದಲು ಯಾರೂ ನೋಡಿರಲಿಲ್ಲವೆಂದಲ್ಲ. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಫ್ಲಾಮ್‌ಸ್ಟೀಡ್ 1690ರಲ್ಲೇ ಅದನ್ನು ಕಂಡು ವೃಷಭ ರಾಶಿಯ ಒಂದು ನಕ್ಷತ್ರವೆಂದು ಬರೆದಿಟ್ಟಿದ್ದನು. ಫ್ರಾನ್ಸಿನ ಲೆಮೊನಿಯೆ ಹಲವು ಬಾರಿ ಕಂಡರೂ ಗುರುತಿಸಲಿಲ್ಲ. ಅವರೆಲ್ಲರೂ ದೊಡ್ಡ ವಿದ್ವಾಂಸರೇ. ಆದರೆ ಅವರ ಉಪಕರಣಗಳಲ್ಲಿ ಅದು ಬರಿಯ ಚುಕ್ಕೆಯಾಗಿ ಕಂಡಿತು. ಅವರು ಸ್ಥಾನವನ್ನು ಗುರುತುಹಾಕಿಕೊಂಡು ಮುಂದಿನ ನಕ್ಷತ್ರಕ್ಕೆ ಹೋದರು. ಹರ್ಷೆಲನು ಸಂಶಯ ಬಂದಲ್ಲಿ ನಿಂತನು, ಮಸೂರ ಬದಲಿಸಿ ನೋಡಿದನು, ಮತ್ತೊಂದು ರಾತ್ರಿ ಮರಳಿ ನೋಡಿದನು. ತನ್ನ ದರ್ಪಣದ ಗುಣದೋಷಗಳನ್ನೆಲ್ಲ ಬಲ್ಲವನಾಗಿದ್ದುದರಿಂದ ಕಂಡುದನ್ನು ನಂಬುವ ಧೈರ್ಯವೂ ಅವನಿಗಿತ್ತು. ಅವನ ಶೋಧನೆ ಅದೃಷ್ಟದ ಕೊಡುಗೆಯೆಂದು ಕೆಲವರು ಹೇಳಿದಾಗ ಅವನು ಅದನ್ನು ಒಪ್ಪಲಿಲ್ಲ. ಆಕಾಶವನ್ನು ಒಂದು ಪುಸ್ತಕದಂತೆ ಪುಟಪುಟವಾಗಿ ಓದುತ್ತಿದ್ದ ತನಗೆ ಆ ರಾತ್ರಿ ಆ ಪುಟದ ಸರದಿ ಬಂದಿತ್ತು ಎಂಬುದು ಅವನ ಭಾವನೆಯಾಗಿತ್ತು.

ಆದರೆ ಯಶಸ್ಸಿನ ಜೊತೆಯಲ್ಲೇ ಸೋಲೂ ಬಂದಿತು. ಅದೇ ವರ್ಷ ಅವನು ಮೂರು ಅಡಿ ಅಗಲದ ದರ್ಪಣವನ್ನು ಎರಕಹೊಯ್ಯಲು ಹೊರಟನು. ಅಷ್ಟು ದೊಡ್ಡದನ್ನು ಮಾಡಿಕೊಡುವವರು ಇಲ್ಲದ ಕಾರಣ ಮನೆಯಲ್ಲೇ ಕುಲುಮೆಯನ್ನು ಕಟ್ಟಿಸಿದನು. ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿಹಿಡಿದು ಅಚ್ಚನ್ನು ಸಿದ್ಧಪಡಿಸಿದರು. ಕ್ಯಾರೊಲಿನಳೂ ಕುಟ್ಟಿದಳು, ವಾಟ್ಸನ್ನನೂ ಕೈ ಸೇರಿಸಿದನು. ಮೊದಲ ದರ್ಪಣವು ಆರುವಾಗ ಬಿರುಕುಬಿಟ್ಟಿತು. ಎರಡನೆಯ ಬಾರಿ ಕುಲುಮೆಯಿಂದ ಕಾದ ಲೋಹವು ಸೋರಿ ನೆಲಕ್ಕೆ ಹರಿಯಿತು. ಕಾವಿಗೆ ಹಾಸುಗಲ್ಲುಗಳು ಸಿಡಿದು ಸೂರಿನವರೆಗೂ ಹಾರಿದವು. ಎಲ್ಲರೂ ಜೀವ ಉಳಿಸಿಕೊಳ್ಳಲು ಬಾಗಿಲ ಕಡೆಗೆ ಓಡಿದರು. ಹರ್ಷೆಲನು ಕಾವಿಗೂ ಬಳಲಿಕೆಗೂ ಸೋತು ಇಟ್ಟಿಗೆಗಳ ರಾಶಿಯ ಮೇಲೆ ಕುಸಿದನು.

ಅಷ್ಟಾದರೂ ಅವನು ಎದೆಗುಂದಲಿಲ್ಲ. ರಾಯಲ್ ಸೊಸೈಟಿಯು ಅವನಿಗೆ ಕಾಪ್ಲಿ ಪದಕವನ್ನು ನೀಡಿ ಸದಸ್ಯನನ್ನಾಗಿ ಆರಿಸಿತು. ಅವನು ಹೇಳುವಷ್ಟು ಹಿಗ್ಗಿಸಿ ತೋರಿಸುವ ದೂರದರ್ಶಕ ಇರಲು ಸಾಧ್ಯವೇ ಎಂದು ಸಂಶಯಪಟ್ಟವರಿದ್ದರು. 1782ರಲ್ಲಿ ಅವನ ದೂರದರ್ಶಕವನ್ನು ಗ್ರೀನಿಚ್ಚಿನ ರಾಜವೇಧಶಾಲೆಗೆ ಒಯ್ದು ಹೋಲಿಸಿ ನೋಡಿದಾಗ, ಹಿತ್ತಲಿನಲ್ಲಿ ಬಳಸಿದ ಉಪಕರಣವೇ ಮೇಲೆಂದು ಸಿದ್ಧವಾಯಿತು. ದೊರೆಯು ಅವನಿಗೆ ವರ್ಷಕ್ಕೆ 200 ಪೌಂಡ್ ವೇತನವನ್ನು ಗೊತ್ತುಮಾಡಿದನು. ಇದು ಸಂಗೀತದಿಂದ ಬರುತ್ತಿದ್ದ ವರಮಾನಕ್ಕಿಂತ ಕಡಮೆ. ಆದರೂ ಹರ್ಷೆಲನು ಮರುಯೋಚಿಸದೆ ಸಂಗೀತವೃತ್ತಿಯನ್ನು ಬಿಟ್ಟು, ದೊರೆಯ ಅರಮನೆಯಿದ್ದ ವಿಂಡ್ಸರಿನ ಬಳಿಗೆ ನೆಲೆ ಬದಲಿಸಿದನು.

ಅಣ್ಣನ ಪಾಲಿಗೆ ಇದು ಬಿಡುಗಡೆ. ತಂಗಿಯ ಪಾಲಿಗೆ? ಅಣ್ಣನ ವೃತ್ತಿಯೊಂದಿಗೆ ಆಕೆಯ ಹಾಡುಗಾರಿಕೆಯೂ ಮುಗಿಯಿತು. ಯಾರೂ ಆಕೆಯ ಇಷ್ಟವನ್ನು ಕೇಳಿದಂತೆ ತೋರದು. ಆಕೆ ಒಳಗೊಳಗೇ ನೊಂದರೂ ಹೊಸ ಕೆಲಸವನ್ನು ಅರೆಮನಸ್ಸಿನಿಂದ ಮಾಡಲಿಲ್ಲ. ಹರ್ಷೆಲನು ಏಣಿಯ ಮೇಲೆ ನಿಂತು ಕಂಡುದನ್ನು ಕೂಗಿ ಹೇಳುತ್ತಿದ್ದನು. ಆಕೆ ದೀಪದ ಬಳಿ ಕುಳಿತು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಚಳಿಗೆ ದೌತಿಯ ಶಾಯಿ ಹೆಪ್ಪುಗಟ್ಟಿದ ರಾತ್ರಿಗಳೂ ಇದ್ದವು. 1783ರ ಡಿಸೆಂಬರ್ 31ರ ರಾತ್ರಿ ಹಿಮ ಬಿದ್ದ ನೆಲದ ಮೇಲೆ ಕತ್ತಲೆಯಲ್ಲಿ ಓಡಿದಾಗ ಆಕೆ ಜಾರಿ ಒಂದು ಕಬ್ಬಿಣದ ಕೊಕ್ಕೆಯ ಮೇಲೆ ಬಿದ್ದಳು. ಕೊಕ್ಕೆ ತೊಡೆಯ ಮಾಂಸವನ್ನು ಕಿತ್ತಿತು. ಆ ರಾತ್ರಿ ಮೋಡ ಕವಿದುದರಿಂದ ಅಣ್ಣನ ಕೆಲಸಕ್ಕೆ ತನ್ನಿಂದ ಹೆಚ್ಚು ನಷ್ಟವಾಗಲಿಲ್ಲವೆಂಬುದೇ ಆಕೆಗೆ ಸಮಾಧಾನದ ಸಂಗತಿಯಾಗಿತ್ತು.

ಅಣ್ಣನು ಊರಿನಲ್ಲಿಲ್ಲದಾಗ ಆಕೆ ತನ್ನ ಚಿಕ್ಕ ದೂರದರ್ಶಕದಿಂದ ತಾನೇ ಆಕಾಶವನ್ನು ಶೋಧಿಸುತ್ತಿದ್ದಳು. 1786ರ ಆಗಸ್ಟ್ 1ರಂದು ಆಕೆ ಒಂದು ಧೂಮಕೇತುವನ್ನು ಕಂಡುಹಿಡಿದಳು. 1797ರ ಹೊತ್ತಿಗೆ ಆಕೆ ಕಂಡ ಧೂಮಕೇತುಗಳು ಎಂಟು. 1787ರಲ್ಲಿ ದೊರೆಯು ಆಕೆಗೂ ವರ್ಷಕ್ಕೆ 50 ಪೌಂಡ್ ವೇತನವನ್ನಿತ್ತನು. ವಿಜ್ಞಾನದ ಕೆಲಸಕ್ಕಾಗಿ ಹೆಣ್ಣೊಬ್ಬಳು ಇಂಗ್ಲೆಂಡಿನಲ್ಲಿ ವೇತನ ಪಡೆದುದು ಅದೇ ಮೊದಲು. 1788ರಲ್ಲಿ ಹರ್ಷೆಲನು ಮೇರಿ ಪಿಟ್ ಎಂಬಾಕೆಯನ್ನು ವಿವಾಹವಾದಾಗ ಮನೆಯೊಡತಿಯ ಸ್ಥಾನ ಕ್ಯಾರೊಲಿನಳ ಕೈತಪ್ಪಿತು. ಆಕೆ ಬೇರೆ ಮನೆಗೆ ಹೋದಳು. ಆದರೆ ರಾತ್ರಿಯ ಕೆಲಸವನ್ನು ಮಾತ್ರ ಬಿಡಲಿಲ್ಲ. ಆ ನೋವಿನ ವರ್ಷಗಳ ದಿನಚರಿಯನ್ನು ಆಕೆ ಮುಂದೆ ತಾನೇ ನಾಶಮಾಡಿದಳು.

ಈ ನಡುವೆ ಸ್ಲೌ ಎಂಬ ಊರಿನ ಮನೆಯ ತೋಟದಲ್ಲಿ ಹರ್ಷೆಲನ ಅತಿ ದೊಡ್ಡ ದೂರದರ್ಶಕವು ಎದ್ದುನಿಂತಿತು. ಕೊಳವೆಯ ಉದ್ದ 40 ಅಡಿ, ದರ್ಪಣದ ಅಗಲ ನಾಲ್ಕು ಅಡಿ, ತೂಕ ಸುಮಾರು ಒಂದು ಟನ್. ದೊರೆಯು ಇದಕ್ಕಾಗಿ 4000 ಪೌಂಡ್ ನೀಡಿದನು. 1789ರಲ್ಲಿ ಇದರ ಕಾಲದಲ್ಲಿ ಶನಿಯ ಎರಡು ಹೊಸ ಉಪಗ್ರಹಗಳು ಪತ್ತೆಯಾದವು. ಆದರೆ ಅದನ್ನು ತಿರುಗಿಸುವುದು ಕಷ್ಟ; ದರ್ಪಣವು ಬೇಗ ಕಂದುತ್ತಿತ್ತು. ಆದುದರಿಂದ ಹರ್ಷೆಲನು ಹೆಚ್ಚಿನ ಕೆಲಸವನ್ನೆಲ್ಲ 20 ಅಡಿಯ ದೂರದರ್ಶಕದಿಂದಲೇ ಮಾಡಿದನು. ಯುರೇನಸಿನ ಎರಡು ಉಪಗ್ರಹಗಳನ್ನು ಕಂಡನು. 2500 ನೀಹಾರಿಕೆಗಳನ್ನೂ ನಕ್ಷತ್ರಗುಚ್ಛಗಳನ್ನೂ ಪಟ್ಟಿಮಾಡಿದನು. ಕೆಲವು ಜೋಡಿ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತವೆಂದು ತೋರಿಸಿದನು. 1800ರಲ್ಲಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ ಉಷ್ಣಮಾಪಕಗಳನ್ನು ಇಟ್ಟಾಗ, ಕೆಂಪಿನ ಆಚೆ ಏನೂ ಕಾಣದ ಎಡೆಯಲ್ಲಿ ಉಷ್ಣತೆ ಏರಿತು. ಹೀಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಪತ್ತೆಯಾದವು.

ಅವನು ತಪ್ಪಿದ್ದೂ ಉಂಟು. ಸೂರ್ಯನಲ್ಲಿಯೂ ಜೀವಿಗಳಿರಬಹುದೆಂದು ಅವನು ಭಾವಿಸಿದ್ದನು. ನಕ್ಷತ್ರಗಳನ್ನು ಎಣಿಸಿ ಆಕಾಶಗಂಗೆಯ ಆಕಾರವನ್ನು ಚಿತ್ರಿಸಿದನು. ಮುಂದೆ ತನ್ನ ಊಹೆಗಳು ನಿಲ್ಲವೆಂದು ಕಂಡಾಗ ಅದನ್ನು ಮರೆಮಾಚಲಿಲ್ಲ. ಕಂಡುದನ್ನು ಕಂಡಂತೆ ಬರೆಯುವವನಿಗೆ ತಪ್ಪನ್ನು ಒಪ್ಪಿಕೊಳ್ಳುವುದು ಅವಮಾನವೆನಿಸುವುದಿಲ್ಲ.

1822ರ ಆಗಸ್ಟ್ 25ರಂದು ಹರ್ಷೆಲನು ತನ್ನ 83ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಕಂಡ ಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಬೇಕು. ಆ ಗ್ರಹದ ಒಂದು ವರ್ಷದಷ್ಟೇ ಅವನ ಆಯುಷ್ಯವೂ ಆಯಿತೆನ್ನಬಹುದು. ಅಣ್ಣನಿಲ್ಲದ ನಾಡಿನಲ್ಲಿರಲಾರದೆ ಕ್ಯಾರೊಲಿನ್ ಹ್ಯಾನೋವರಿಗೆ ಮರಳಿದಳು. ಅಲ್ಲಿ ಅಣ್ಣನ ಮಗ ಜಾನ್ ಹರ್ಷೆಲನಿಗೆ ಅನುಕೂಲವಾಗಲೆಂದು ನೀಹಾರಿಕೆಗಳ ಪಟ್ಟಿಯನ್ನೆಲ್ಲ ಹೊಸದಾಗಿ ಅಳವಡಿಸಿಕೊಟ್ಟಳು. 1828ರಲ್ಲಿ ಲಂಡನ್ನಿನ ಖಗೋಳ ಸಂಘವು ಆಕೆಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. 1848ರಲ್ಲಿ, 97ನೆಯ ವಯಸ್ಸಿನಲ್ಲಿ ಆಕೆ ನಿಧನಳಾದಳು.

ಜಾನ್ ಹರ್ಷೆಲನೂ ಹೆಸರಾಂತ ಖಗೋಳಜ್ಞ. ಛಾಯಾಗ್ರಹಣದ ಆರಂಭಕಾಲದಲ್ಲಿ ಚಿತ್ರವನ್ನು ಮಾಸದಂತೆ ನಿಲ್ಲಿಸುವ ರಾಸಾಯನಿಕ ವಿಧಾನವನ್ನು ತೋರಿಸಿಕೊಟ್ಟವನು ಅವನೇ. ತಂದೆಯ 40 ಅಡಿಯ ದೂರದರ್ಶಕವನ್ನು ಕಳಚುವ ಮುನ್ನ, 1839ರಲ್ಲಿ, ಅದರ ಮರದ ಕಟ್ಟಡವನ್ನು ಅವನು ಗಾಜಿನ ಫಲಕದ ಮೇಲೆ ಚಿತ್ರವಾಗಿ ಹಿಡಿದನು. ಗಾಜಿನ ಮೇಲೆ ತೆಗೆದ, ಇಂದಿಗೂ ಉಳಿದಿರುವ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಅದೂ ಒಂದು. ಮುಂದೆ ಈ ಕಲೆಯೇ ಆಕಾಶವನ್ನು ನೋಡುವವರ ಎರಡನೆಯ ಕಣ್ಣಾಯಿತು. ನಮ್ಮ ಕಣ್ಣು ಕ್ಷಣಕ್ಷಣದ ಬೆಳಕನ್ನು ಮಾತ್ರ ಕಾಣುತ್ತದೆ. ಛಾಯಾಫಲಕವು ಗಂಟೆಗಟ್ಟಲೆ ಬೆಳಕನ್ನು ಕೂಡಿಟ್ಟುಕೊಂಡು ಕಣ್ಣಿಗೆ ಕಾಣದುದನ್ನೂ ತೋರಿಸುತ್ತದೆ. ಕ್ಯಾರೊಲಿನ್ ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿ ಬರೆದಿಟ್ಟುದನ್ನು ಇಂದು ಹವ್ಯಾಸಿಗಳು ತಮ್ಮ ಮನೆಯ ಮಾಳಿಗೆಯಿಂದಲೇ ಚಿತ್ರಗಳಲ್ಲಿ ಹಿಡಿಯುತ್ತಾರೆ.

ಹರ್ಷೆಲನ ಗ್ರಹವು ಇನ್ನೂ ತನ್ನ ಗುಟ್ಟುಗಳನ್ನು ಬಿಟ್ಟುಕೊಡುತ್ತಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಅದಕ್ಕೂ ಶನಿಗಿರುವಂತೆ ಬಳೆಗಳಿವೆಯೆಂದು ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ಆಗ ತಮಿಳುನಾಡಿನ ಕಾವಲೂರಿನಿಂದ ಅದೇ ನಕ್ಷತ್ರದ ಬೆಳಕು ಕುಂದುವುದನ್ನು ದಾಖಲಿಸಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು. 1986ರಲ್ಲಿ ವಾಯೇಜರ್ 2 ಎಂಬ ನೌಕೆ ಆ ಗ್ರಹದ ಸಮೀಪದಲ್ಲೇ ಹಾದುಹೋಯಿತು. ನ್ಯೂ ಕಿಂಗ್ ಸ್ಟ್ರೀಟಿನ ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಲೋಹ ಹರಿದು ಸಿಡಿದ ಹಾಸುಗಲ್ಲುಗಳನ್ನು ಅಲ್ಲಿ ಇಂದೂ ಕಾಣಬಹುದು.

2033ರ ಸುಮಾರಿಗೆ ಯುರೇನಸ್ ಮೂರು ಸುತ್ತು ಮುಗಿಸಿ, ಹರ್ಷೆಲನಿಗೆ ಕಾಣಿಸಿದ ಎಡೆಗೆ, ವೃಷಭ ಮಿಥುನಗಳ ನಡುವೆ, ಮರಳಿ ಬರುತ್ತದೆ. ಅಂದು ಅದನ್ನು ಹುಡುಕಲು ದೊಡ್ಡ ವೇಧಶಾಲೆಯೇನೂ ಬೇಕಾಗದು. ಒಂದು ಚಿಕ್ಕ ದೂರದರ್ಶಕ, ಕತ್ತಲೆಯ ಅಂಗಳ, ಸಂಶಯ ಬಂದಲ್ಲಿ ನಿಂತು ಮತ್ತೊಮ್ಮೆ ನೋಡುವ ತಾಳ್ಮೆ ಇವಿಷ್ಟಿದ್ದರೆ ಸಾಕು. ಇವುಗಳಲ್ಲಿ ಮೊದಲ ಎರಡನ್ನು ಇತರರಿಂದ ಪಡೆಯಬಹುದು. ಮೂರನೆಯದನ್ನು ಮಾತ್ರ ಹರ್ಷೆಲನು ದರ್ಪಣವನ್ನು ತೇದಂತೆ ನಾವೇ ನಮ್ಮಲ್ಲಿ ರೂಪಿಸಿಕೊಳ್ಳಬೇಕು.